ನಾಟಕಕ್ಕೆ ಮೊದಲು ಊಟವಾ, ಆಮೇಲಾ? ಬೆಂಗಳೂರಿಗೆ ಹೋಗಿಬರುವ ಮಂಡ್ಯ, ಮೈಸೂರಿನವರು ಹೇಳಿ

ಕಬ್ಬಿನಗದ್ದೆ:
ಎಲ್ಲರಿಗೂ ನಮಸ್ಕಾರ. ಮುಂದಿನ ಶನಿವಾರ ಬೆಂಗಳೂರಿನ ರಂಗಶಂಕರದಲ್ಲಿ ಒಂದು ನಾಟಕಕ್ಕೆ ಟಿಕೆಟ್ ತಗೊಂಡಿದ್ದೇನೆ. ನಾನು, ನಮ್ಮ ಯಜಮಾನರು, ಅತ್ತೆ, ಮಾವ, ಪಿಯುಸಿ ಓದುವ ಮಗಳು. ಮಂಡ್ಯದಿಂದ ಕಾರಿನಲ್ಲಿ ಹೋಗಿ ಅದೇ ರಾತ್ರಿ ವಾಪಸ್ ಬರಬೇಕು.

ತಲೆನೋವು ಊಟದ್ದು. ನಾಟಕ ಏಳೂವರೆಗೆ. ಮುಗಿಯುವಾಗ ಒಂಬತ್ತೂವರೆ ಆಗಬಹುದು. ಮಾವನಿಗೆ ಶುಗರ್ ಇದೆ, ಮನೆಯಲ್ಲಿ ಎಂಟು ಹೊಡೆದರೆ ತಟ್ಟೆ ಮುಂದೆ ಕೂತಿರುತ್ತಾರೆ. ಅತ್ತೆಗೆ ಮಂಡಿ ನೋವು, ಹೋಟೆಲ್ ಮುಂದೆ ಕ್ಯೂ ನಿಲ್ಲಿಸೋಕೆ ಆಗಲ್ಲ. ಮಗಳಿಗೆ ಪಿಜ್ಜಾ ಬೇಕಂತೆ. ಯಜಮಾನರ ಪ್ರಕಾರ ನಾವು ಹೋಗುತ್ತಿರುವುದೇ ಊಟಕ್ಕೆ, ದಾರಿಯಲ್ಲಿ ಒಂದು ನಾಟಕ ಅಡ್ಡ ಬಂದಿದೆ ಅಷ್ಟೇ.

ಮೊದಲೇ ತಿಂದು ಹೋಗೋದಾ, ಮುಗಿಸಿಕೊಂಡು ತಿನ್ನೋದಾ? ಎಲ್ಲಿ? ಹೋಗಿ ಅಭ್ಯಾಸ ಇರುವವರು ದಯವಿಟ್ಟು ಹೇಳಿ.

ಕೊನೇಸಾಲು:
ಮೊದಲು ಒಂದು ಮಾತು ತಿಳ್ಕೊಳ್ಳಿ. ಅಲ್ಲಿ ಏಳೂವರೆ ಅಂದರೆ ಏಳೂವರೆ. ಬಾಗಿಲು ಹಾಕಿದ ಮೇಲೆ ಟಿಕೆಟ್ ಇದ್ದರೂ ಒಳಗೆ ಬಿಡಲ್ಲ. ಮಂತ್ರಿ ಬಂದರೂ ಅಷ್ಟೇ, ಮಂಡ್ಯದವರು ಬಂದರೂ ಅಷ್ಟೇ. ಹೋಟೆಲಿನಲ್ಲಿ ಬಿಲ್ ಬರಲಿಲ್ಲ, ಸಿಲ್ಕ್ ಬೋರ್ಡಿನಲ್ಲಿ ಜಾಮ್ ಆಯ್ತು, ಇದ್ಯಾವುದೂ ಅಲ್ಲಿ ನಡೆಯಲ್ಲ. ಏಳು ಗಂಟೆಗೆ ಆವರಣದೊಳಗೆ ಇರಿ. ಉಳಿದದ್ದನ್ನೆಲ್ಲ ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ.

ಸುಮ್ನೆಬಂದೆ:
ದುಡ್ಡು ಕೊಟ್ಟವನನ್ನು ಹೊರಗೆ ನಿಲ್ಲಿಸೋದು ಯಾವ ನ್ಯಾಯ ಸ್ವಾಮಿ? ಸಿನಿಮಾದಲ್ಲಿ ಇಂಟರ್ವಲ್‌ಗೆ ಹೋದರೂ ಬಿಡ್ತಾರೆ.

ಬಣ್ಣದಡಬ್ಬಿ:
ಸಿನಿಮಾದಲ್ಲಿ ಪರದೆಗೆ ಬೇಜಾರಾಗಲ್ಲ ಸಾರ್. ನಾನು ಮೈಸೂರಿನಲ್ಲಿ ಹವ್ಯಾಸಿ ತಂಡವೊಂದರಲ್ಲಿ ಪಾತ್ರ ಮಾಡುತ್ತೇನೆ. ಒಂದು ಸಾರಿ, ಅಮ್ಮ ಸತ್ತ ದೃಶ್ಯ. ಅಳಬೇಕು. ಮೂರನೇ ಸಾಲಿಗೆ ಒಂದು ಸಂಸಾರ ಬಂತು. ಮೊಬೈಲ್ ಟಾರ್ಚ್ ಹಾಕಿಕೊಂಡು 'ಜಿ ಹನ್ನೆರಡು ಯಾವುದು, ಸ್ವಲ್ಪ ಕಾಲು ಮಡಚ್ಕೊಳಿ' ಅಂತ ನಡೀತಿದೆ. ಕೂತ ಮೇಲೆ ಚಕ್ಕುಲಿ ಕವರ್ ಬಿಚ್ಚಿದರು. ಆ ಪರಪರ ಸದ್ದು ವೇದಿಕೆ ಮೇಲೆ ನನಗೆ ಕೇಳುತ್ತಿದೆ. ಹೆಣದ ಪಾತ್ರ ಮಾಡುತ್ತಿದ್ದವರ ಹೊಟ್ಟೆ ನಗುವಿಗೆ ಕುಣಿಯುತ್ತಿತ್ತು. ಬಾಗಿಲು ಹಾಕುವ ನಿಯಮ ಎಲ್ಲ ಕಡೆ ಬರಲಿ.

ಸುಮ್ನೆಬಂದೆ:
ಚಕ್ಕುಲಿ ಯಾವ ಅಂಗಡಿದು ಅಂತ ಕೇಳಬೇಕಿತ್ತು.

ಸರಸ್ವತಿಪುರಂ ಅಜ್ಜ:
ತಾಯಿ, ನನ್ನದೊಂದು ಬೇರೆ ಪ್ರಶ್ನೆ. ಮಂಡ್ಯದಿಂದ ಮೈಸೂರು ಮುಕ್ಕಾಲು ಗಂಟೆ ದಾರಿ. ಇಲ್ಲಿ ರಂಗಾಯಣ ಅನ್ನೋ ನಾಟಕ ಸಂಸ್ಥೆ ಇದೆ. 1989ರಲ್ಲಿ ಬಿ.ವಿ. ಕಾರಂತರು ಕಟ್ಟಿದ್ದು. ಅಲ್ಲಿನ ಭೂಮಿಗೀತ ರಂಗಮಂದಿರದಲ್ಲಿ ಭಾನುವಾರ ಸಂಜೆ ನಾಟಕ ನೋಡಿ, ಹತ್ತು ಗಂಟೆಯೊಳಗೆ ಮನೆ ಸೇರಬಹುದು. ರಾಮಕೃಷ್ಣನಗರದಲ್ಲಿ ನಟನ ರಂಗಶಾಲೆ ಇದೆ, ಅದನ್ನು ಕಟ್ಟಿದವರು ನಿಮ್ಮೂರಿನ ಹೆಸರನ್ನೇ ಇಟ್ಟುಕೊಂಡಿರುವ ಮಂಡ್ಯ ರಮೇಶ್. ವಯಸ್ಸಾದವರನ್ನು ಕೂರಿಸಿಕೊಂಡು ಅಷ್ಟು ದೂರ ಯಾಕೆ ಹೋಗಬೇಕು? ನಾಟಕದ ಊರು ಮೈಸೂರು. ಅರಮನೆಯವರೇ ನಾಟಕ ಮಂಡಳಿ ಇಟ್ಟುಕೊಂಡಿದ್ದ ಊರು ಇದು. ಬಸವಪ್ಪ ಶಾಸ್ತ್ರಿಗಳು ಶಾಕುಂತಲವನ್ನು ಕನ್ನಡಕ್ಕೆ ತಂದಾಗ ಚಾಮರಾಜ ಒಡೆಯರು ಅವರಿಗೆ ಅಭಿನವ ಕಾಳಿದಾಸ ಅಂತ ಬಿರುದು ಕೊಟ್ಟಿದ್ದರು.

ಕಬ್ಬಿನಗದ್ದೆ:
ಅಜ್ಜ, ರಂಗಾಯಣಕ್ಕೆ ಬರ್ತಾ ಇರುತ್ತೇವೆ. ಅಲ್ಲಿನ ಬಹುರೂಪಿ ನಾಟಕೋತ್ಸವ ತಪ್ಪಿಸಲ್ಲ. ಈ ನಾಟಕ ಮೈಸೂರಿಗೆ ಬರೋ ಹಾಗೆ ಕಾಣಲಿಲ್ಲ, ಅದಕ್ಕೇ.

ಒಲೆಮುಂದೆ:
ಮೈಸೂರಿನವರಿಗೆ ಒಂದು ಕಹಿ ಸತ್ಯ ಹೇಳುತ್ತೇನೆ, ಬೈಕೊಳ್ಳಿ. ನಮ್ಮಲ್ಲಿ ನಾಟಕ ಚೆನ್ನಾಗಿದೆ. ನಾಟಕ ಮುಗಿದ ಮೇಲೆ ಊಟ ಇಲ್ಲ. ಕಲಾಮಂದಿರದಿಂದ ಹೊರಗೆ ಬಂದು, ನಾಲ್ಕು ಜನರ ಹತ್ತಿರ 'ಎರಡನೇ ಅಂಕ ಎಳೆದರು' ಅಂತ ಮಾತಾಡಿ, ಗಾಡಿ ತೆಗೆದು ಹೋಟೆಲಿಗೆ ಹೋಗುವಷ್ಟರಲ್ಲಿ ಒಂಬತ್ತೂವರೆ. ಅರ್ಧ ಹಾಲಿನ ದೀಪ ಆರಿಸಿರುತ್ತಾರೆ. ಕುರ್ಚಿಗಳು ಟೇಬಲ್ ಮೇಲೆ ತಲೆಕೆಳಗಾಗಿ ಕೂತಿರುತ್ತವೆ. ಸಪ್ಲೈಯರ್ ಬಂದು, ನಾವು ಬಾಯಿ ತೆರೆಯುವ ಮೊದಲೇ, 'ದೋಸೆ ಕ್ಲೋಸ್, ರೈಸ್‌ಬಾತ್ ಇದೆ' ಅನ್ನುತ್ತಾನೆ. ಆ ರೈಸ್‌ಬಾತ್ ಬೆಳಿಗ್ಗೆ ಎಷ್ಟು ಗಂಟೆಗೆ ಹುಟ್ಟಿದ್ದು ಅಂತ ಕೇಳುವ ಧೈರ್ಯ ನನಗಿಲ್ಲ.

ಚಾಮುಂಡಿಪುರಂ:
ನಿಜ. ಮೈಸೂರಿನ ಒಳ್ಳೇ ತಿಂಡಿ ಎಲ್ಲ ಬೆಳಗಿನದು. ನಜರ್‌ಬಾದಿನ ಮೈಲಾರಿ ದೋಸೆ, ನಮ್ಮ ಏರಿಯಾದ ಜಿಟಿಆರ್, ಬಲ್ಲಾಳ್ ಸರ್ಕಲ್ ಹತ್ತಿರ ಮಹೇಶ್ ಪ್ರಸಾದ್. ನಾಟಕ ಬೆಳಿಗ್ಗೆ ಏಳಕ್ಕೆ ಇಟ್ಟರೆ ನಮ್ಮೂರಿಗೆ ಸರಿಹೋಗುತ್ತೆ.

ಸರಸ್ವತಿಪುರಂ ಅಜ್ಜ:
ಮನೆಯಲ್ಲಿ ಅನ್ನ ಸಾರು ಮಾಡಿಟ್ಟು ನಾಟಕಕ್ಕೆ ಹೋಗುತ್ತಿದ್ದೆವು. ವಾಪಸ್ ಬಂದು ಬಿಸಿ ಮಾಡಿಕೊಂಡು ಉಣ್ಣುತ್ತಿದ್ದೆವು. ಇದು ಒಂದು ಸಮಸ್ಯೆ ಅಂತ ಯಾರಿಗೂ ಅನ್ನಿಸಿರಲಿಲ್ಲ.

ಬಣ್ಣದಡಬ್ಬಿ:
ಮಾಡಿಟ್ಟವರು ಯಾರು, ಬಿಸಿ ಮಾಡಿದವರು ಯಾರು ಅಜ್ಜ? ಅವರನ್ನೂ ಕೇಳಿದರೆ ಚೆನ್ನಾಗಿತ್ತು.

ಸುಮ್ನೆಬಂದೆ:
ಅಜ್ಜಿ ಆನ್‌ಲೈನ್ ಇಲ್ಲ, ಅಜ್ಜ ಬಚಾವ್.

ಒಲೆಮುಂದೆ:
ಸರಿ, ಬೆಂಗಳೂರಿಗೆ ಬರೋಣ. ಕಬ್ಬಿನಗದ್ದೆಯವರೇ, ನಿಮ್ಮ ಯಜಮಾನರ ಕಡೆಯಿಂದ ನೋಡಿದರೆ ಎರಡು ಹೆಸರು ಬಾಯಿಗೆ ಬರುತ್ತವೆ. ಗಾಂಧಿಬಜಾರಿನ ವಿದ್ಯಾರ್ಥಿ ಭವನ, 1943ರ ಹೋಟೆಲ್. ಲಾಲ್‌ಬಾಗ್ ರಸ್ತೆಯ ಎಂಟಿಆರ್, ಅದು ಇನ್ನೂ ಹಳೆಯದು, 1924. ಎರಡೂ ರಂಗಶಂಕರ ಇರುವ ಜೆ.ಪಿ. ನಗರಕ್ಕೆ ಹೋಗುವ ದಿಕ್ಕಿನಲ್ಲೇ ಬರುತ್ತವೆ. ಆದರೆ ಶನಿವಾರ ಸಂಜೆ ಎರಡೂ ಕಡೆ ಬಾಗಿಲಲ್ಲಿ ಜನ ನಿಂತಿರುತ್ತಾರೆ. ಅತ್ತೆಯವರ ಮಂಡಿ ನೆನೆಸಿಕೊಂಡು ತೀರ್ಮಾನ ಮಾಡಿ. ನಾಲ್ಕು ಗಂಟೆಗೇ ಹೋಗಿಬಿಟ್ಟರೆ ಸ್ವಲ್ಪ ಪರವಾಗಿಲ್ಲ. ಬೇರೆಯವರಿಗೆ ಉಪಯೋಗ ಆಗಲಿ ಅಂತ ಹೇಳ್ತೀನಿ: ವಿದ್ಯಾರ್ಥಿ ಭವನಕ್ಕೆ ಶುಕ್ರವಾರ ರಜ, ಎಂಟಿಆರ್‌ಗೆ ಸೋಮವಾರ.

ಕೊನೇಸಾಲು:
ರಂಗಶಂಕರಕ್ಕೂ ಸೋಮವಾರವೇ ರಜ. ಅಂದರೆ ಸೋಮವಾರ ಬೆಂಗಳೂರಿಗೆ ಹೋದವನು ಉಪವಾಸ.

ಚಾಮುಂಡಿಪುರಂ:
ವಿದ್ಯಾರ್ಥಿ ಭವನದ ಕಥೆಯೇ ನಾಟಕವಾಗಿ ರಂಗದ ಮೇಲೆ ಬಂದಿದೆ, ಗೊತ್ತಲ್ಲ? ದೋಸೆ ತಿಂದು ದೋಸೆಯ ನಾಟಕ ನೋಡಬಹುದು.

ಗೂಳೂರಣ್ಣ:
ರಂಗಶಂಕರ ನಮ್ಮ ಶಂಕರ್ ನಾಗ್ ಕಟ್ಟಿಸಿದ್ದು. ಅದಕ್ಕಾದರೂ ಒಂದು ಸಾರಿ ಎಲ್ಲರೂ ಹೋಗಬೇಕು.

ಕೊನೇಸಾಲು:
ಅವರ ಹೆಸರು, ಅವರ ಕನಸು ಅನ್ನಿ. ಶಂಕರ್ ನಾಗ್ ತೀರಿಕೊಂಡದ್ದು 1990ರಲ್ಲಿ. ಕಟ್ಟಡ ಬಾಗಿಲು ತೆರೆದದ್ದು 2004ರಲ್ಲಿ. ಅವರ ಪತ್ನಿ ಅರುಂಧತಿ ನಾಗ್ ಅವರು ವರ್ಷಗಟ್ಟಲೆ ಓಡಾಡಿ, ದುಡ್ಡು ಕೂಡಿಸಿ ಆಗಿದ್ದು ಅದು.

ಗೂಳೂರಣ್ಣ:
ನಾನು ಹೇಳಿದ್ದೂ ಅದೇ ಅರ್ಥದಲ್ಲಿ. ಆಟೋ ಹಿಂದೆ ಶಂಕ್ರಣ್ಣನ ಫೋಟೋ ಇರುತ್ತೆ, ಆಟೋ ಕೊಂಡಿದ್ದು ಅವರಾ?

ಸಕ್ಕರೆ ಅಲ್ಲದವನು:
ಮಾವನವರ ವಿಷಯ ಯಾರೂ ಸರಿಯಾಗಿ ಮಾತಾಡಲಿಲ್ಲ. ನನ್ನ ತಂದೆಗೂ ಶುಗರ್, ನಾಟಕದ ಹುಚ್ಚು ಅವರಿಗೆ. ಮಾತ್ರೆಯೋ ಇನ್ಸುಲಿನ್ನೋ ಯಾವುದು ತಗೋತಾರೆ ಅನ್ನೋದರ ಮೇಲೆ ಇದೆ. ಇನ್ಸುಲಿನ್ ಆದರೆ ಊಟದ ಹೊತ್ತು ಏರುಪೇರು ಮಾಡುವ ಮೊದಲು ಅವರ ಡಾಕ್ಟರಿಗೆ ಒಂದು ಫೋನ್ ಮಾಡಿ. ಇಲ್ಲಿ ಯಾರೋ ಬರೆದರು ಅಂತ ಮಾಡಬೇಡಿ, ನಾನು ಬರೆದೆ ಅಂತಲೂ ಮಾಡಬೇಡಿ.

ನಾವು ಮಾಡೋದು ಹೀಗೆ. ಆರು, ಆರೂವರೆ ನಡುವೆ ಹೊಟ್ಟೆ ತುಂಬುವಂಥ ತಿಂಡಿ. ಮನೆಯಿಂದಲೇ ಎರಡು ಚಪಾತಿ, ಪಲ್ಯ ಡಬ್ಬಿಗೆ ಹಾಕಿಕೊಂಡು ಹೋಗುತ್ತೇವೆ, ಕಾರಿನಲ್ಲೇ ತಿಂದು ಮುಗಿಸುತ್ತಾರೆ. ನಾಟಕ ಮುಗಿದ ಕೂಡಲೇ ಇನ್ನೇನಾದರೂ ಸ್ವಲ್ಪ. ಜೇಬಿನಲ್ಲಿ ಸಕ್ಕರೆ ಪೊಟ್ಟಣ ಇರಲೇಬೇಕು. ಒಂದು ಸಲ ಬೆಂಗಳೂರಿನ ಒಂದು ದೊಡ್ಡ ಹೋಟೆಲಿನಲ್ಲಿ ಆರ್ಡರ್ ಕೊಟ್ಟು ಮುಕ್ಕಾಲು ಗಂಟೆ ಕಾದೆವು. ಅಪ್ಪನ ಕೈ ನಡುಗೋಕೆ ಶುರುವಾಯಿತು, ಹಣೆ ಮೇಲೆ ಬೆವರು. ಪಕ್ಕದ ಟೇಬಲ್ಲಿನ ಹೆಂಗಸು ತಮ್ಮ ಜ್ಯೂಸನ್ನೇ ಎತ್ತಿ ಕೊಟ್ಟರು. ಆಮೇಲೆ ಬಂದ ಬಿಲ್ಲಿನಲ್ಲಿ ಸರ್ವಿಸ್ ಚಾರ್ಜ್ ಬೇರೆ ಇತ್ತು.

ಕಬ್ಬಿನಗದ್ದೆ:
ಮಾತ್ರೆ ಮಾತ್ರ ತಗೋತಾರೆ, ಇನ್ಸುಲಿನ್ ಇಲ್ಲ. ಆದರೂ ಡಾಕ್ಟರಿಗೆ ಕೇಳುತ್ತೇನೆ. ಡಬ್ಬಿ ಐಡಿಯಾ ಚೆನ್ನಾಗಿದೆ, ಮಾವ ಒಪ್ಪಿದರು. ಯಜಮಾನರ ಮುಖ ಬಾಡಿದೆ.

ಕೊನೇಸಾಲು:
ಸರ್ವಿಸ್ ಚಾರ್ಜ್ ಕಡ್ಡಾಯ ಅಲ್ಲ. ತೆಗೀರಿ ಅಂತ ಹೇಳಬಹುದು.

ಸುಮ್ನೆಬಂದೆ:
ಹೇಳಬಹುದು. ಹೆಂಡತಿ ಎದುರಿಗೆ ಕೂತಿರುವಾಗ ಹೇಳಿ ನೋಡಿ.

ಬಣ್ಣದಡಬ್ಬಿ:
ರಂಗಶಂಕರದಲ್ಲೇ ಕೆಫೆ ಇದೆ. ತಿಂಡಿ, ಕಾಫಿ ಸಿಗುತ್ತೆ. ಬೇಗ ಹೋಗಿ ಅಲ್ಲಿ ಕೂತರೆ ಬಾಗಿಲು ಹಾಕುವ ಭಯವೇ ಇಲ್ಲ, ಅತ್ತೆ ನಡೆಯುವುದೂ ಬೇಡ. ನನಗೆ ಅಲ್ಲಿ ಇಷ್ಟವಾಗುವುದು ಬೇರೆ. ಪಕ್ಕದ ಟೇಬಲ್ಲಿನಲ್ಲಿ ಕಾಫಿ ಕುಡಿಯುತ್ತಿದ್ದವರು ಅರ್ಧ ಗಂಟೆ ಆದ ಮೇಲೆ ನೋಡಿದರೆ ನಮ್ಮ ಸಾಲಿನಲ್ಲೇ ಕೂತಿರುತ್ತಾರೆ. ಮಗಳಿಗೂ ಹೊಸದು ಅನ್ನಿಸುತ್ತೆ, ಪಿಜ್ಜಾ ಮಂಡ್ಯದಲ್ಲೇ ಸಿಗುತ್ತಲ್ಲ.

ಕೆಂಗೇರಿ ಪ್ಯಾಸೆಂಜರ್:
ಕಾರು ಯಾಕೆ ಮೇಡಂ? ಮಂಡ್ಯದಿಂದ ರೈಲು ಹತ್ತಿ. ಕೆಂಗೇರಿಯಲ್ಲಿ ಇಳಿದು ನೇರಳೆ ಮೆಟ್ರೋ. ಮೆಜೆಸ್ಟಿಕ್ಕಿನಲ್ಲಿ ಹಸಿರು ಲೈನಿಗೆ ಬದಲಾಯಿಸಿ ಜಯಪ್ರಕಾಶ ನಗರದಲ್ಲಿ ಇಳಿದರೆ ಅಲ್ಲಿಂದ ಆಟೋ. ಟ್ರಾಫಿಕ್ಕಿನ ಚಿಂತೆ ಇಲ್ಲ.

ಚಾಮುಂಡಿಪುರಂ:
ಮಂಡಿ ನೋವಿರುವವರನ್ನು ಮೆಜೆಸ್ಟಿಕ್ಕಿನಲ್ಲಿ ಲೈನ್ ಬದಲಾಯಿಸಿ ಅಂತೀರಲ್ಲ, ನೀವು ಆ ಸ್ಟೇಷನ್ನು ನೋಡಿದ್ದೀರಾ?

ಕೆಂಗೇರಿ ಪ್ಯಾಸೆಂಜರ್:
ಲಿಫ್ಟ್ ಇದೆ ರೀ. ಸರಿ, ವಯಸ್ಸಾದವರಿಗೆ ಕಾರೇ ಇರಲಿ. ಒಂಟಿಯಾಗಿ ಹೋಗುವವರಿಗೆ ನಾನು ಹೇಳಿದ್ದೇ ಸರಿ. ವಾಪಸ್ ಬರೋದಕ್ಕೆ ಮೈಸೂರು ರಸ್ತೆಯ ಸ್ಯಾಟಲೈಟ್ ಬಸ್ ನಿಲ್ದಾಣಕ್ಕೆ ಬಂದುಬಿಡಿ, ತಡರಾತ್ರಿಯೂ ಬಸ್ ಸಿಗುತ್ತೆ. ಬೈಕಿನವರು ಎಕ್ಸ್‌ಪ್ರೆಸ್‌ವೇ ಮೇಲೆ ಹತ್ತಬೇಡಿ, 2023ರ ಆಗಸ್ಟಿನಿಂದ ಬಿಡಲ್ಲ. ಸರ್ವಿಸ್ ರಸ್ತೆಯಲ್ಲೇ ಬರಬೇಕು. ರಾತ್ರಿ ಹೊತ್ತು ಅದು ಬೇಡ.

ಗೂಳೂರಣ್ಣ:
ಎಕ್ಸ್‌ಪ್ರೆಸ್‌ವೇ ಬಂದು ಊಟದ ಕಥೆಯೇ ಹಾಳಾಯ್ತು. ಮೊದಲು ನಾಟಕ ಮುಗಿಸಿಕೊಂಡು ಬರುವಾಗ ಬಿಡದಿಯಲ್ಲಿ ತಟ್ಟೆ ಇಡ್ಲಿ, ಮದ್ದೂರಿನಲ್ಲಿ ವಡೆ, ಗಾಡಿ ತಾನೇ ನಿಲ್ಲುತ್ತಿತ್ತು. ಈಗ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು ಎಲ್ಲಾ ಪಕ್ಕಕ್ಕೆ ಬಿಟ್ಟು ರಸ್ತೆ ಹೋಗುತ್ತೆ. ಹಳೇ ರಸ್ತೆ ಹೋಟೆಲಿನವರನ್ನು ಕೇಳಿ ನೋಡಿ.

ಒಲೆಮುಂದೆ:
ಅಣ್ಣಾ, ಹಳೇ ರಸ್ತೆ ಎಲ್ಲೂ ಹೋಗಿಲ್ಲ. ಇಳಿಯಬೇಕಾದವರು ನಾವು. ಮದ್ದೂರು ವಡೆ ಹುಟ್ಟಿದ್ದು ರೈಲಿಗೆ ಕಾಯುವವರಿಗಾಗಿ, ಸ್ಟೇಷನ್ನಿನಲ್ಲಿ. ಅದನ್ನು ನೂರು ಕಿಲೋಮೀಟರ್ ವೇಗದಲ್ಲಿ ಹೋಗುವವನಿಗೆ ಮಾರೋದು ಹೇಗೆ?

ಗೂಳೂರಣ್ಣ:
ಈಗ ಸಿಗುವ ವಡೆ ಮೆತ್ತಗಿರುತ್ತೆ ಅನ್ನೋದು ಬೇರೆ ವಿಷಯ.

ಕಬ್ಬಿನಗದ್ದೆ:
ಮದ್ದೂರು ವಡೆ ವಿಷಯಕ್ಕೆ ಜಗಳ ಬೇಡ, ನನ್ನ ತವರು ಅದು.

ಗೂಳೂರಣ್ಣ:
ಹಾಗಾದರೆ ಗರಿಗರಿಯಾಗೇ ಇರುತ್ತೆ ತಂಗಿ.

ಹಾರ್ಮೋನಿಯಂ ಮೇಷ್ಟ್ರು:
ಇಷ್ಟು ಹೊತ್ತು ಓದುತ್ತಿದ್ದೆ. ಎರಡು ಗಂಟೆ ನಾಟಕಕ್ಕೆ ಇಷ್ಟೊಂದು ಊಟದ ಚರ್ಚೆ. ನಮ್ಮ ಮಂಡ್ಯದ ಹಳ್ಳಿ ಕಡೆ ಕುರುಕ್ಷೇತ್ರ ನಾಟಕಕ್ಕೆ ಬನ್ನಿ. ರಾತ್ರಿ ಒಂಬತ್ತಕ್ಕೆ ಪರದೆ ಎತ್ತಿದರೆ ಇಳಿಯುವುದು ಬೆಳಗಾದ ಮೇಲೆ. ಊರಹಬ್ಬ ಆಗಿದ್ದರೆ ಸಂಜೆಯೇ ಯಾರಾದರೂ ಕೈಹಿಡಿದು ಮನೆಗೆ ಕರೆದುಕೊಂಡು ಹೋಗಿ ಮುದ್ದೆ, ಬಾಡಿನ ಸಾರು ಬಡಿಸುತ್ತಾರೆ. ಟಿಕೆಟ್ ಇಲ್ಲ. ತಡವಾಗಿ ಬಂದರೆ ಬೈಯುವವರಿಲ್ಲ. ನಡುರಾತ್ರಿ ಹಸಿವಾದರೆ ಪೆಂಡಾಲ್ ಪಕ್ಕದಲ್ಲೇ ಬಜ್ಜಿ, ಬೋಂಡಾ, ಚುರುಮುರಿ. ಎಣ್ಣೆ ಚುಂಯ್ ಅನ್ನುವುದಕ್ಕೂ ನಮ್ಮ ತಬಲಕ್ಕೂ ಎಷ್ಟೋ ಸಲ ತಾಳ ಕೂಡಿಬಂದಿದೆ.

ಪಾತ್ರ ಮಾಡುವವರು ತಾವೇ ದುಡ್ಡು ಹಾಕುತ್ತಾರೆ. ದುರ್ಯೋಧನ, ಕೃಷ್ಣ, ಭೀಮ ಅಂದರೆ ರೇಟು ಜಾಸ್ತಿ. ಸೀನರಿಯವರಿಗೆ, ಲೈಟಿನವರಿಗೆ, ದ್ರೌಪದಿ, ಉತ್ತರೆ ಪಾತ್ರಕ್ಕೆ ಬರುವ ಕಲಾವಿದೆಯರಿಗೆ ಎಲ್ಲ ಅದರಿಂದಲೇ. ಮೂರು ತಿಂಗಳು ರಾತ್ರಿ ಹೊತ್ತು ಕೂತು ಮಟ್ಟು ಕಲಿಯುತ್ತಾರೆ. ಹಗಲು ಗದ್ದೆ ಕೆಲಸ.

ಬಣ್ಣದಡಬ್ಬಿ:
ಮೇಷ್ಟ್ರೇ, ಗೌರವ ಇಟ್ಟುಕೊಂಡೇ ಹೇಳುತ್ತೇನೆ. ಒಂದೊಂದು ಕಂದಪದ್ಯಕ್ಕೂ ವನ್ಸ್ ಮೋರ್, ನಡುವೆ ವೇದಿಕೆ ಮೇಲೆ ಬಂದು ಹಾರ ಹಾಕೋದು, ನೋಟು ಕೊಡೋದು, ಮೈಕಿನಲ್ಲಿ ದಾನಿಗಳ ಹೆಸರು ಓದೋದು. ಭೀಮ ಗದೆ ಎತ್ತಿಕೊಂಡು ಹತ್ತು ನಿಮಿಷ ಸುಮ್ನೆ ನಿಂತಿರುತ್ತಾನೆ. ಅದು ಜಾತ್ರೆ. ನಾಟಕ ಅನ್ನೋಕೆ ನನಗೆ ಕಷ್ಟ.

ಹಾರ್ಮೋನಿಯಂ ಮೇಷ್ಟ್ರು:
ಜಾತ್ರೆ ಆದರೆ ಏನಮ್ಮ ಕಷ್ಟ? ನೋಡುವವನು ಬೇಕು ಅಂದರೆ ಇನ್ನೊಂದು ಸಲ ಹಾಡುತ್ತೇವೆ. ಗುಬ್ಬಿ ಕಂಪನಿಯವರು ಕುರುಕ್ಷೇತ್ರಕ್ಕೆ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತರುತ್ತಿದ್ದರು, ಅದನ್ನೂ ಜನ ನಾಟಕ ಅಂತಲೇ ನೋಡಿದರು. ಮಂಡ್ಯದ ಕಲಾಮಂದಿರದಲ್ಲಿ ಪೌರಾಣಿಕ ಇದ್ದ ದಿನ ಬಂದು ನೋಡಿ, ಕೂರೋಕೆ ಜಾಗ ಸಿಗಲ್ಲ. ನಿಮ್ಮ ನಾಟಕಕ್ಕೆ ಎಷ್ಟು ಜನ ಬರ್ತಾರೆ?

ಬಣ್ಣದಡಬ್ಬಿ:
ಅದನ್ನೇ ಕೇಳಬೇಡಿ.

ಸರಸ್ವತಿಪುರಂ ಅಜ್ಜ:
ರಾತ್ರಿಯಿಡೀ ನಾಟಕ ಮೈಸೂರಿಗೂ ಹೊಸದಲ್ಲ. 2010ರಲ್ಲಿ ರಂಗಾಯಣದ ಅಂಗಳದಲ್ಲಿ ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಮಾಡಿದರಲ್ಲ, ಸಿ. ಬಸವಲಿಂಗಯ್ಯ ನಿರ್ದೇಶನ, ಒಂಬತ್ತು ಗಂಟೆಯ ನಾಟಕ. ಒಂದು ರಂಗದಿಂದ ಇನ್ನೊಂದು ರಂಗಕ್ಕೆ ಪ್ರೇಕ್ಷಕರೇ ಎದ್ದು ಹೋಗಬೇಕು. ಶಾಲು, ಮಂಕಿ ಟೋಪಿ, ಫ್ಲಾಸ್ಕು ಎಲ್ಲ ಹೊತ್ತುಕೊಂಡು ಹೋಗಿದ್ದೆವು. ಬೆಳಗಿನ ಜಾವ ಚಳಿಯಲ್ಲಿ ಕುಡಿದ ಟೀ ಇನ್ನೂ ನಾಲಿಗೆ ಮೇಲಿದೆ.

ಚಾಮುಂಡಿಪುರಂ:
ಅದು ಮುಗಿದಾಗ ಮೈಸೂರಿನ ಹೋಟೆಲು ತೆರೆಯುವ ಹೊತ್ತು. ನಾನು ಹೇಳಿದ್ದು ಇದನ್ನೇ!

ಕೊನೇಸಾಲು:
ಬಹುರೂಪಿಯವರು ಇದನ್ನು ಚೆನ್ನಾಗಿ ಬಗೆಹರಿಸಿದ್ದಾರೆ. ನಾಟಕದ ಪಕ್ಕದಲ್ಲೇ ಊಟದ ಮಳಿಗೆ, ಪುಸ್ತಕದ ಮಳಿಗೆ. ಜೋಳದ ರೊಟ್ಟಿ ಹಿಡಿದುಕೊಂಡೇ ಮುಂದಿನ ನಾಟಕದ ಕ್ಯೂನಲ್ಲಿ ನಿಲ್ಲಬಹುದು. ವರ್ಷದಲ್ಲಿ ಕೆಲವೇ ದಿನ ಯಾಕೆ? ವಾರಾಂತ್ಯದ ನಾಟಕಕ್ಕೂ ಒಂದೆರಡು ಗಾಡಿ ನಿಲ್ಲಿಸಲಿ. ಮಹಿಳಾ ಸಂಘದವರಿಗೆ ಕೊಟ್ಟರೂ ಸಾಕು.

ಒಲೆಮುಂದೆ:
ಇದಕ್ಕೆ ನನ್ನ ಎರಡೂ ಕೈ ಮೇಲಕ್ಕೆ. ಬಿಸಿ ಅಕ್ಕಿರೊಟ್ಟಿ, ಕಾಯಿಚಟ್ನಿ, ಕಾಫಿ. ಮೂರೇ ಐಟಂ ಸಾಕು. ಬರೀ ಬಿಸ್ಕೆಟ್ಟು, ಪ್ಯಾಕೆಟ್ ಚಿಪ್ಸ್ ಇಡೋದಾದರೆ ಬೇಡವೇ ಬೇಡ, ಬಣ್ಣದಡಬ್ಬಿಯವರಿಗೆ ಮತ್ತೆ ಪರಪರ.

ಕಬ್ಬಿನಗದ್ದೆ:
ಎಲ್ಲ ಓದಿ ಮನೆಯಲ್ಲಿ ಮಾತಾಡಿದೆವು. ಮಧ್ಯಾಹ್ನ ಒಂದೂವರೆಗೆ ಹೊರಡುತ್ತೇವೆ. ನಾಲ್ಕರ ಸುಮಾರಿಗೆ ಗಾಂಧಿಬಜಾರ್. ಕ್ಯೂ ಕಮ್ಮಿ ಇದ್ದರೆ ದೋಸೆ, ಜಾಸ್ತಿ ಇದ್ದರೆ ಯಜಮಾನರಿಗೆ ಮಾತ್ರ ನಿಲ್ಲುವ ಶಿಕ್ಷೆ, ನಾವು ಕಾರಿನಲ್ಲಿ. ಆರಕ್ಕೆ ರಂಗಶಂಕರ. ಮಾವನಿಗೆ ಡಬ್ಬಿ, ಉಳಿದವರಿಗೆ ಅಲ್ಲೇ ಕೆಫೆ. ಮುಗಿದ ಮೇಲೆ ಸೀದಾ ಊರಿಗೆ. ರಾತ್ರಿಗೆ ಮೊಸರನ್ನ ಕಲಸಿಕೊಂಡು ಹೋಗುತ್ತೇನೆ. ಮಗಳು ಪಿಜ್ಜಾ ಬಿಟ್ಟಳು, ಬದಲಿಗೆ ಏನೋ ಡಿಮ್ಯಾಂಡ್ ಇದೆ, ಆಮೇಲೆ ಹೇಳ್ತಾಳಂತೆ.

ಸಕ್ಕರೆ ಅಲ್ಲದವನು:
ನೀರಿನ ಬಾಟಲಿ ಮರೀಬೇಡಿ. ಡಬ್ಬಿಯನ್ನು ಸಭಾಂಗಣದೊಳಗೆ ತಗೊಂಡು ಹೋಗಬೇಡಿ, ಕಾರಿನಲ್ಲೇ ಮುಗಿಸಿ.

ಸುಮ್ನೆಬಂದೆ:
ಮೇಷ್ಟ್ರೇ, ಒಂದು ಅನುಮಾನ. ದುರ್ಯೋಧನನ ಪಾತ್ರದವನು ರಾತ್ರಿಯಿಡೀ ಕಿರೀಟ ಹಾಕಿಕೊಂಡು ಕೂತಿರುತ್ತಾನಲ್ಲ, ಅವನ ಊಟ ಯಾವಾಗ?

ಹಾರ್ಮೋನಿಯಂ ಮೇಷ್ಟ್ರು:
ಬಣ್ಣ ಹಚ್ಚುವ ಮೊದಲು ಸ್ವಲ್ಪ ಅನ್ನ, ಸಾರು ಅಷ್ಟೇ. ಮುದ್ದೆ ತಿಂದರೆ ಹೊಟ್ಟೆ ಭಾರ, ಪದ್ಯಕ್ಕೆ ಉಸಿರು ನಿಲ್ಲಲ್ಲ. ಆಮೇಲೆ ಬಿಸಿನೀರು, ಕಲ್ಲುಸಕ್ಕರೆ, ಮೆಣಸು. ಬೆಳಿಗ್ಗೆ ತೊಡೆ ಮುರಿಸಿಕೊಂಡು ಬಂದ ಮೇಲೆ ಬಣ್ಣ ಒರೆಸದೆಯೇ ಇಡ್ಲಿಗೆ ಕೂರುತ್ತಾನೆ. ಭೀಮ ಪಕ್ಕದಲ್ಲೇ ಕೂತು ಚಟ್ನಿ ಹಾಕುತ್ತಾನೆ. ಮುಂದಿನ ತಿಂಗಳು ನಮ್ಮೂರಲ್ಲೇ ಇದೆ, ತಾರೀಖು ಗೊತ್ತಾದ ಮೇಲೆ ಇಲ್ಲೇ ಹಾಕುತ್ತೇನೆ, ಬರುವವರು ಮೊದಲೇ ಹೇಳಿ, ಮನೆಯಲ್ಲಿ ಅಡುಗೆಗೆ ಲೆಕ್ಕ ಬೇಕು.